ಕಿರು ಲ್ಯಾಪ್‌ಟಾಪ್: ಮುಂಬಯಿ ನಗರ ಮತ್ತು ಉಪನಗರಗಳಲ್ಲಿ

ದಿನವೂ ಹೆಗಲ ಚೀಲದಲ್ಲಿ ಹೊತ್ತು ತಿರುಗಲು ಒಗ್ಗುವ, ಹನ್ನೊಂದರಿಂದ ಹದಿಮೂರು ಇಂಚಿನ ಆಸುಪಾಸಿನ ಪರದೆಯ, ಒಂದರಿಂದ ಒಂದೂಕಾಲು ಕಿಲೋ ತೂಗುವ ಗಣಕವನ್ನು ಕಿರು ಲ್ಯಾಪ್‌ಟಾಪ್ ಎನ್ನಬಹುದು. ಮುಂಬಯಿಯಲ್ಲಿ ಇದರ ಆಯ್ಕೆಯನ್ನು ನಿರ್ಧರಿಸುವುದು ಲೋಕಲ್ ಗಾಡಿ, ಮಳೆ ಮತ್ತು ಮನೆಯ ಅಳತೆ. ಪ್ರೊಸೆಸರಿನ ವೇಗದ ಪ್ರಶ್ನೆ ಆಮೇಲಿನದು. ಕೊಂಡ ದಿನ ತೆತ್ತ ಹಣವೊಂದರಿಂದಲೇ ಅಗ್ಗವನ್ನು ಅಳೆಯುವಂತಿಲ್ಲ. ಐದು ವರ್ಷ ಹೊತ್ತು ತಿರುಗಿದ ಮೇಲೂ ಬ್ಯಾಟರಿ ಬದಲಿಸಿ, ರ‍್ಯಾಮ್ ಏರಿಸಿ ಮುಂದುವರಿಸಬಹುದಾದದ್ದೇ ನಿಜಕ್ಕೂ ಅಗ್ಗದ ಯಂತ್ರ.

ಲೋಕಲ್ ಗಾಡಿಯ ಲೆಕ್ಕ

ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಕಲ್ಯಾಣಕ್ಕೆ ಸುಮಾರು 54. ಬೆಳಗಿನ ಮತ್ತು ಸಂಜೆಯ ದಟ್ಟಣೆಯಲ್ಲಿ ಡಬ್ಬಿಯೊಳಗೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಂತಿರುತ್ತಾರೆ ಎಂಬುದು ರೈಲ್ವೆಯ ಪರಿಭಾಷೆಯಲ್ಲೇ ದಾಖಲಾದ ಅಂಕಿ. ಈ ನೂಕುನುಗ್ಗಲಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವ ಮಾತೇ ಇಲ್ಲ. ಕೆಲಸವೆಲ್ಲ ಪಯಣದ ಎರಡು ತುದಿಗಳಲ್ಲಿ. ನಡುವಿನ ಒಂದು ಒಂದೂವರೆ ತಾಸು ಅದು ಬರೀ ಹೊರೆ. ಆದ್ದರಿಂದ ಇಲ್ಲಿ ಗಾತ್ರದ ಪ್ರಶ್ನೆ ಬರುವುದು ಹೊರುವುದಕ್ಕಾಗಿ. ಗಾಡಿಯಲ್ಲಿ ಬಳಸುವುದಕ್ಕೆಂದು ಚಿಕ್ಕದನ್ನು ಹುಡುಕುವವರು ದಟ್ಟಣೆಗೆ ಎದುರು ದಿಕ್ಕಿನಲ್ಲಿ ಹೋಗುವವರು, ಇಲ್ಲವೇ 2017ರ ಡಿಸೆಂಬರ್ 25ರಂದು ಪಶ್ಚಿಮ ರೈಲ್ವೆಯಲ್ಲಿ ಆರಂಭವಾದ ಎ.ಸಿ. ಲೋಕಲಿನಲ್ಲಿ ಕೂರಲು ಜಾಗ ಸಿಕ್ಕವರು ಮಾತ್ರ.

ಗಾಡಿ ಹತ್ತುವಾಗ ಚೀಲವನ್ನು ಬೆನ್ನಿನಿಂದ ಎದೆಗೆ ತಿರುಗಿಸಿಕೊಳ್ಳುವುದು ಮುಂಬಯಿಕರರ ರೂಢಿ. ಆಗ ಸುತ್ತಲಿನವರ ಒತ್ತಡವೆಲ್ಲ ಚೀಲದ ಮೇಲೆ ಬೀಳುತ್ತದೆ. ಪರದೆ ಒಡೆಯಲು ಯಂತ್ರ ಕೈಜಾರಿ ಬೀಳಲೇಬೇಕೆಂದಿಲ್ಲ. ಚೀಲದ ಹೊರಜೇಬಿನಲ್ಲಿಟ್ಟ ಚಾರ್ಜರಿನ ಇಟ್ಟಿಗೆಯಂಥ ಭಾಗ ಮುಚ್ಚಳಕ್ಕೆ ಒತ್ತಿದರೂ ಸಾಕು, ಒಳಗಿನ ಗಾಜು ಸೀಳು ಬಿಡುತ್ತದೆ. ಮುಚ್ಚಳದ ನಡುಭಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅದು ತಗ್ಗಿದರೆ ಆ ಯಂತ್ರ ಲೋಕಲಿಗೆ ಲಾಯಕ್ಕಲ್ಲ. ಕಚೇರಿಗಳಿಗೆಂದೇ ತಯಾರಾದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮಾಲಿಕೆಗಳ ಮೇಲುದರ್ಜೆಯ ಮಾದರಿಗಳಲ್ಲಿ ಮುಚ್ಚಳಕ್ಕೆ ಲೋಹ ಅಥವಾ ಕಾರ್ಬನ್ ನಾರಿನ ಬಲ ಇರುತ್ತದೆ. ಅಗ್ಗದ ಹೊಸ ಮಾದರಿಗಳಲ್ಲಿ ಬಹುಪಾಲು ತೆಳು ಪ್ಲಾಸ್ಟಿಕ್.

ಹಿನ್ನೆಲೆ

ಭಾರತದಲ್ಲೇ ರಚಿಸಿ ಕಟ್ಟಿದ ಮೊದಲ ಗಣಕಗಳಲ್ಲೊಂದಾದ ಟಿಫ್ರಾಕ್ ಕೆಲಸ ಆರಂಭಿಸಿದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, 1960ರಲ್ಲಿ. ಕೋಣೆ ತುಂಬುವ ಆ ಯಂತ್ರದ ಸ್ಮೃತಿ 40 ಬಿಟ್ಟುಗಳ 2,048 ಪದಗಳಷ್ಟೇ.

ಅದಕ್ಕೆ ತೀರ ವಿರುದ್ಧವಾದ, ಅಗ್ಗದ ಪುಟ್ಟ ಗಣಕದ ಕನಸಿಗೆ ನಮ್ಮ ನಾಡಿನಲ್ಲಿ ರೂಪ ಕೊಟ್ಟವರು ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರರೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಮಾದರಿಯಾಗಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಆ ಯಂತ್ರ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳಬಲ್ಲದಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ತಯಾರಿಸಿತು. ಮಾರಾಟದಲ್ಲಿ ಗೆಲ್ಲಲಿಲ್ಲ; ಆದರೆ ಬಡವನ ಕೈಗೂ ಗಣಕ, ಅದೂ ಅವನ ಭಾಷೆಯಲ್ಲಿ ಎಂಬ ಆ ವಿಚಾರ ದೊಡ್ಡದು, ಇಂದಿಗೂ ಪೂರ್ತಿ ಕೈಗೂಡದ್ದು.

ತೈವಾನಿನ ಏಸುಸ್ ಕಂಪನಿ 2007ರ ಕೊನೆಯಲ್ಲಿ ಬಿಡುಗಡೆ ಮಾಡಿದ ‘ಈ ಪಿಸಿ’ (Eee PC) ಎಂಬ ಗಣಕಕ್ಕೆ ಏಳು ಇಂಚಿನ ಪರದೆ. ತೂಕ 920 ಗ್ರಾಂ. ಮರುವರ್ಷ ಜನವರಿಯಲ್ಲಿ ಎಚ್‌ಸಿಎಲ್ ಕಂಪನಿ ಮೈಲೀಪ್ ಎಂಬ ಏಳಿಂಚಿನ ಯಂತ್ರವನ್ನು ಹದಿನಾಲ್ಕು ಸಾವಿರ ರೂಪಾಯಿಯ ಆಸುಪಾಸಿಗೆ ಭಾರತದ ಮಾರುಕಟ್ಟೆಗೆ ತಂದಿತು. 2008ರಲ್ಲೇ ಬಂದ ಇಂಟೆಲ್‌ನ ಆಟಂ ಪ್ರೊಸೆಸರು ಈ ಬಗೆಯ ಯಂತ್ರಗಳನ್ನು ಎಲ್ಲೆಡೆ ಹಬ್ಬಿಸಿತು, ನೆಟ್‌ಬುಕ್ ಎಂಬ ಹೆಸರು ನಿಂತಿತು. ಒಂದು ಗಿಗಾಬೈಟ್ ರ‍್ಯಾಮ್, ಉದ್ದ ಸಾಲದ ಪರದೆ, ಇಕ್ಕಟ್ಟಾದ ಕೀಲಿಮಣೆ: ಕೊಂಡವರು ಬೇಗ ಬೇಸತ್ತರು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ನೆಟ್‌ಬುಕ್ಕಿನ ಕಾಲ ಮುಗಿಯುತ್ತ ಬಂತು. ಸೋತದ್ದು ಆ ಯಂತ್ರ. ಹಗುರವಾದ ಗಣಕ ಬೇಕೆಂಬ ಜನರ ಅಗತ್ಯ ಹಾಗೆಯೇ ಉಳಿಯಿತು.

2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಮೊದಲ ಆವೃತ್ತಿಯ ಮಂದಗತಿಯ ಬಗ್ಗೆ ದೂರುಗಳು ಬಂದ ಮೇಲೆ ಯೋಜನೆ ಪವಾಯಿಯ ಐಐಟಿ ಬಾಂಬೆಗೆ ಹಸ್ತಾಂತರವಾಯಿತು. ಪ್ರಾಧ್ಯಾಪಕ ದೀಪಕ್ ಫಾಟಕ್ ಅದರ ಹೊಣೆ ಹೊತ್ತರು. 512 ಮೆಗಾಬೈಟ್ ರ‍್ಯಾಮಿನ ಆಕಾಶ್-2 ಹೊರಬಂದದ್ದು 2012ರ ನವೆಂಬರ್ 11ರಂದು. ಸರ್ಕಾರ ಅದಕ್ಕೆ ತೆತ್ತ ಬೆಲೆ 2,263 ರೂಪಾಯಿ. ಮುಂಬಯಿ ಮೂಲದ ರಿಲಯನ್ಸ್ 2023ರ ಜುಲೈ 31ರಂದು ಪ್ರಕಟಿಸಿದ ಜಿಯೋಬುಕ್ ಇದೇ ಸಾಲಿನ ಮತ್ತೊಂದು ಪ್ರಯತ್ನ: 11.6 ಇಂಚಿನ ಪರದೆ, 990 ಗ್ರಾಂ ತೂಕ, 4 ಗಿಗಾಬೈಟ್ ರ‍್ಯಾಮ್, ಒಳಗೇ 4ಜಿ ಸಂಪರ್ಕ, ಆಗಿನ ಬೆಲೆ 16,499 ರೂಪಾಯಿ. ಮೊಬೈಲಿನ ವರ್ಗದ ಚಿಪ್ ಹೊಂದಿರುವ ಅದರಲ್ಲಿ ವಿಂಡೋಸ್ ತಂತ್ರಾಂಶಗಳು ನಡೆಯುವುದಿಲ್ಲ. ಪಾಠ ಕೇಳುವ ಮಗುವಿಗೆ ಅದು ಸಾಕು. ಟ್ಯಾಲಿ ತಂತ್ರಾಂಶದಲ್ಲಿ ಲೆಕ್ಕ ಬರೆಯುವ ಹೋಟೆಲಿನವರಿಗೆ ಸಾಲದು.

ಲ್ಯಾಮಿಂಗ್ಟನ್ ರೋಡ್

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ತಲುಪಬಹುದಾದ ಈ ರಸ್ತೆಯ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡ್‌ಕಮ್‌ಕರ್ ಮಾರ್ಗ. 1903ರಿಂದ 1907ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ಲಾರ್ಡ್ ಲ್ಯಾಮಿಂಗ್ಟನ್ನನ ಹೆಸರೇ ಜನರ ಬಾಯಲ್ಲಿ ಉಳಿದಿದೆ. ರೇಡಿಯೋ ಬಿಡಿಭಾಗಗಳಿಗೆ ಹೆಸರಾದ ಅಂಗಡಿಸಾಲು ಕ್ರಮೇಣ ಗಣಕದ ಪೇಟೆಯಾಯಿತು. ನೆಲಮಟ್ಟದಲ್ಲಿ ಹೊಸ ಮಾಲು. ಮೆಟ್ಟಿಲು ಹತ್ತಿದರೆ ರಿಪೇರಿಯವರು, ಬ್ಯಾಟರಿ ಮತ್ತು ಪರದೆ ಮಾರುವವರು, ಹಳೆಯ ಲ್ಯಾಪ್‌ಟಾಪ್‌ಗಳ ವ್ಯಾಪಾರಿಗಳು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ.

ಆನ್‌ಲೈನ್ ಮಾರಾಟ ಬಂದ ಮೇಲೆ ಹೊಸ ಯಂತ್ರಕ್ಕಾಗಿ ಅಲ್ಲಿಗೇ ಹೋಗಬೇಕೆಂಬ ಅಗತ್ಯ ಉಳಿದಿಲ್ಲ. ಲ್ಯಾಮಿಂಗ್ಟನ್ ರೋಡಿನ ನಿಜವಾದ ಬೆಲೆ ಇರುವುದು ರಿಪೇರಿಯಲ್ಲಿ ಮತ್ತು ರಿಫರ್ಬಿಷ್ಡ್ ಮಾಲಿನಲ್ಲಿ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ, ಲೀಸ್ ಮುಗಿದೊಡನೆ ಸಾಮೂಹಿಕವಾಗಿ ಹೊರಹಾಕುವ ಯಂತ್ರಗಳು ಇಲ್ಲಿಗೆ ಬರುತ್ತವೆ. ಹೊಸದಾಗಿದ್ದಾಗಿನ ಬೆಲೆಯ ಸಣ್ಣ ಪಾಲಿಗೆ ಗಟ್ಟಿಮುಟ್ಟಾದ, ಬಿಚ್ಚಿ ಸರಿಪಡಿಸಬಹುದಾದ ಲ್ಯಾಪ್‌ಟಾಪ್ ಸಿಗುತ್ತದೆ. ಅದೇ ಹಣಕ್ಕೆ ಸಿಗುವ ಹೊಸ ಯಂತ್ರದಲ್ಲಿ ಸಾಮಾನ್ಯವಾಗಿ 4 ಗಿಗಾಬೈಟ್ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಸಂಗ್ರಹಕ್ಕೆ ಎಸ್‌ಎಸ್‌ಡಿಯ ಬದಲು ನಿಧಾನವಾದ ಇಎಂಎಂಸಿ ಇರುತ್ತದೆ. ಎರಡನ್ನೂ ಮುಂದೆ ಏರಿಸಲು ದಾರಿಯಿಲ್ಲ. ಕೆಲಸಕ್ಕೆಂದು ಕೊಳ್ಳುವವರಿಗೆ ಈ ಎರಡರ ನಡುವೆ ಹಳೆಯದೇ ಮೇಲು.

ಹಳೆಯದನ್ನು ಆರಿಸುವಾಗ ಪ್ರೊಸೆಸರಿನ ತಲೆಮಾರು ನೋಡಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೆಯ ತಲೆಮಾರಿನಿಂದೀಚೆಗಿನ ಪ್ರೊಸೆಸರುಗಳಲ್ಲಿ. ಐ5 ಎಂಬುದರ ಮುಂದಿನ ಸಂಖ್ಯೆ 8250 ಅಥವಾ 8350 ಎಂದಿದ್ದರೆ ಮೊದಲ ಅಂಕಿಯೇ ತಲೆಮಾರನ್ನು ಹೇಳುತ್ತದೆ. 7200 ಎಂದಿದ್ದರೆ ಏಳನೆಯದು. ಥಿಂಕ್‌ಪ್ಯಾಡ್ ಎಕ್ಸ್270 ಈ ಗೆರೆಯ ಆಚೆ ಉಳಿಯುತ್ತದೆ, ಎಕ್ಸ್280 ಈಚೆ ಬರುತ್ತದೆ. ಆದರೆ ಎಕ್ಸ್270ರ ರ‍್ಯಾಮ್ ಬದಲಿಸಬಹುದು, ಹಿಂಬದಿಯ ಬ್ಯಾಟರಿಯನ್ನು ಕೈಯಿಂದಲೇ ಕಳಚಬಹುದು. ಎಕ್ಸ್280ರಲ್ಲಿ ರ‍್ಯಾಮ್ ಬೆಸೆದಿದೆ. ಲಿನಕ್ಸ್ ಬಳಸಲು ಸಿದ್ಧರಿರುವವರಿಗೆ ಎಕ್ಸ್270 ಇಂದಿಗೂ ಒಳ್ಳೆಯ ಸಂಗಾತಿ. ವಿಂಡೋಸ್ ಬೇಕೇಬೇಕೆಂಬವರು 8 ಗಿಗಾಬೈಟಿಗಿಂತ ಕಡಿಮೆ ರ‍್ಯಾಮಿನ ಎಕ್ಸ್280 ಕೊಳ್ಳಬಾರದು.

ಅಂಗಡಿಯಲ್ಲೇ ನೋಡಿಕೊಳ್ಳಬೇಕಾದವು ಇನ್ನೂ ಇವೆ. ಬಯಾಸ್‌ಗೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಅಥವಾ ಇಂಟರ್ನೆಟ್ಟಿಗೆ ಸೇರಿಸಿದೊಡನೆ ಆ ಕಂಪನಿಯ ಲಾಗಿನ್ ಕೇಳಿದರೆ ಅದನ್ನು ಅಲ್ಲೇ ಬಿಟ್ಟು ಬರಬೇಕು. ಬ್ಯಾಟರಿ ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ವರದಿಯನ್ನು ವಿಂಡೋಸೇ ಕೊಡುತ್ತದೆ. 40 ವಾಟ್-ಅವರ್ ಬ್ಯಾಟರಿಯ ಯಂತ್ರ ಸರಾಸರಿ 8 ವಾಟ್ ಉಂಡರೆ ಐದು ತಾಸು ಬಾಳುತ್ತದೆ. ಹಿಡಿತ ಅರ್ಧಕ್ಕಿಳಿದಿದ್ದರೆ ಎರಡೂವರೆ. ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿಸಿಕೊಳ್ಳುವುದು ನ್ಯಾಯ. ಜಿಎಸ್‌ಟಿ ಸಂಖ್ಯೆ, ಯಂತ್ರದ ಸೀರಿಯಲ್ ಸಂಖ್ಯೆ ಎರಡೂ ಇರುವ ಪಕ್ಕಾ ಬಿಲ್ ಇಲ್ಲದೆ ಹಣ ಕೊಡಬಾರದು. ಕಳವು ಮಾಲಿನ ತಕರಾರು ಬಂದರೆ ಕೈಯಲ್ಲಿ ಉಳಿಯುವ ಆಧಾರ ಅದೊಂದೇ.

ಹೊಸದೇ ಬೇಕು, ಬೆಲೆಯೂ ಕಡಿಮೆಯಿರಬೇಕು ಎನ್ನುವವರಿಗೆ ಇಂಟೆಲ್ 2023ರ ಆರಂಭದಲ್ಲಿ ತಂದ ಎನ್100 ಪ್ರೊಸೆಸರಿನ ಯಂತ್ರಗಳು ಪರವಾಗಿಲ್ಲ. ನಾಲ್ಕು ಕೋರ್‌ಗಳಿದ್ದೂ ಆರು ವಾಟ್‌ನ ದರ್ಜೆಯ ಚಿಪ್ ಅದು; ಕಡಿಮೆ ಬಿಸಿಯಾಗುತ್ತದೆ. ಭಾರತದಲ್ಲಿ ಲ್ಯಾಪ್‌ಟಾಪ್ ಮೇಲಿನ ಜಿಎಸ್‌ಟಿ ಶೇಕಡಾ 18.

ಕನ್ನಡ ಬರೆಯುವವರ ಅಗತ್ಯ

ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮದ ಕರ್ನಾಟಕ ಸಂಘ, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಕರ್ನಾಟಕ ಮಲ್ಲ ದಿನಪತ್ರಿಕೆ: ಈ ನಗರದಲ್ಲಿ ಕನ್ನಡ ಬರೆಯುವವರು, ಕರಡು ತಿದ್ದುವವರು ಎಂದೂ ಕಡಿಮೆಯಿಲ್ಲ. ಕಿರು ಲ್ಯಾಪ್‌ಟಾಪ್ ಆರಿಸುವಾಗ ಇವರು ನೋಡಬೇಕಾದ ಎರಡು ಸಂಗತಿಗಳನ್ನು ಅಂಗಡಿಯವರು ಹೇಳುವುದಿಲ್ಲ.

ಮೊದಲನೆಯದು ಕೀಲಿಮಣೆಯ ಬಲಗಡೆಯ ಅಂಚು. ಗಾತ್ರ ಕುಗ್ಗಿಸುವಾಗ ತಯಾರಕರು ಕಿರಿದು ಮಾಡುವುದು ಅಲ್ಲಿನ ಚಿಹ್ನೆಗಳ ಕೀಲಿಗಳನ್ನು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಚ, ಟ, ಡ ಅಕ್ಷರಗಳು ಕೂತಿರುವುದು ಆ ಕೀಲಿಗಳಲ್ಲೇ. ಇಕ್ಕಟ್ಟಾದ ಮಣೆಯಲ್ಲಿ ಇನ್‌ಸ್ಕ್ರಿಪ್ಟ್ ಬಳಸುವವರ ಬೆರಳು ತಪ್ಪುತ್ತಲೇ ಇರುತ್ತದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾದ ಕಗಪ ಕೀಲಿಮಣೆಯಲ್ಲಿ ಆ ಅಕ್ಷರಗಳೆಲ್ಲ ಇಂಗ್ಲಿಷ್ ಅಕ್ಷರದ ಕೀಲಿಗಳಲ್ಲೇ ಇರುವುದರಿಂದ ಈ ತೊಡಕಿಲ್ಲ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಮೊದಲೇ ಸೇರಿಕೊಂಡಿದೆ. ವಿಂಡೋಸ್‌ನಲ್ಲಿ 2019ರ ಮೇ ಪರಿಷ್ಕರಣೆಯಿಂದೀಚೆಗೆ ಕನ್ನಡದ ಫೊನೆಟಿಕ್ ಕೀಲಿಮಣೆಯೂ ಉಂಟು. ಹಳೆಯ ನುಡಿ ತಂತ್ರಾಂಶದಲ್ಲೇ ಪುಟ ಕಟ್ಟುವವರು ಮಾತ್ರ ಕ್ರೋಮ್‌ಬುಕ್, ಜಿಯೋಬುಕ್‌ಗಳ ಕಡೆ ಹೋಗದಿರುವುದೇ ಒಳ್ಳೆಯದು. ನುಡಿ ವಿಂಡೋಸ್‌ಗೆಂದು ಮಾಡಿದ್ದು.

ಎರಡನೆಯದು ಪರದೆಯ ಸಾಂದ್ರತೆ. 12.5 ಇಂಚಿನ ಪರದೆಯಲ್ಲಿ 1366×768 ಚುಕ್ಕಿಗಳಿದ್ದರೆ ಇಂಚಿಗೆ ಸುಮಾರು 125 ಚುಕ್ಕಿ. 1920×1080 ಇದ್ದರೆ ಸುಮಾರು 176. ಇಂಗ್ಲಿಷ್ ಓದುವವರಿಗೆ ಮೊದಲನೆಯದೂ ನಡೆಯುತ್ತದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಪುಟ್ಟವಾಗುವ ಕನ್ನಡಕ್ಕೆ ಎರಡನೆಯದೇ ಬೇಕು. ತ, ನ, ಮ ಒತ್ತುಗಳನ್ನು ಕಣ್ಣು ಕಿರಿದಾಗಿಸದೆ ಬೇರ್ಪಡಿಸಿ ಓದಲಾಗದ ಪರದೆಯಲ್ಲಿ ಕರಡು ತಿದ್ದುವುದು ಕಣ್ಣಿಗೂ ಬರಹಕ್ಕೂ ಅನ್ಯಾಯ. ಒಂದೇ ಮಾದರಿಯ ಯಂತ್ರ ಎರಡೂ ಬಗೆಯ ಪರದೆಗಳಲ್ಲಿ ಬಂದಿರುತ್ತದೆ. ಹೆಸರು ನೋಡಿ ನಂಬದೆ ಅಂಗಡಿಯಲ್ಲೇ ಒಂದು ಕನ್ನಡ ಪುಟ ತೆರೆಸಿ ನೋಡಬೇಕು.

ಖೋಲಿಯೊಳಗೆ

ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಚಾಳಿನ ಒಂದು ಖೋಲಿಯಲ್ಲಿ ಮೇಜಿಗೆ ಜಾಗವಿಲ್ಲದಿದ್ದರೂ ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೋ ಬಗೆಯ ಮಿನಿ ಪಿಸಿಯನ್ನು ಮಾನಿಟರಿನ ಬೆನ್ನಿಗೇ ಬಿಗಿಯಬಹುದು. ಇವೂ ಲೀಸ್ ಮುಗಿದ ಮಾಲಾಗಿ ಅಗ್ಗದಲ್ಲಿ ಸಿಗುತ್ತವೆ.

ಮಳೆ ಮತ್ತು ಉಪ್ಪುಗಾಳಿ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿಯಿತು. ಅಂಥ ದಿನ ಅಪರೂಪ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ನಿಲ್ಲುವ ತೇವ ಮಾತ್ರ ನಿತ್ಯದ್ದು. ಎ.ಸಿ. ಕಚೇರಿಯಲ್ಲಿ ತಣ್ಣಗಾದ ಯಂತ್ರವನ್ನು ಹೊರಗಿನ ಸೆಕೆಯಲ್ಲಿ ಒಡನೆಯೇ ತೆರೆದರೆ ಒಳಗೆ ಹನಿಗಟ್ಟುವ ಸಂಭವವಿದೆ. ಚೀಲದಲ್ಲೇ ಸ್ವಲ್ಪ ಹೊತ್ತು ಬಿಟ್ಟು ತೆರೆಯಬೇಕು. ಚೀಲಕ್ಕೆ ಮಳೆಹೊದಿಕೆ ಇದ್ದರೂ ಒಳಗೆ ಯಂತ್ರಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ ಬೇರೆಯೇ ಇರಲಿ. ಸಮುದ್ರದಂಚಿನ ಮನೆಗಳಲ್ಲಿ ಉಪ್ಪುಗಾಳಿಗೆ ಚಾರ್ಜಿಂಗ್ ಕಿಂಡಿಯ ಲೋಹ ಕಿಲುಬುವುದುಂಟು. ಫ್ಯಾನಿಲ್ಲದ ಯಂತ್ರಗಳು ಹೊರಗಾಳಿಯನ್ನು ಒಳಗೆಳೆಯುವುದಿಲ್ಲವಾದ್ದರಿಂದ ಅಲ್ಲಿ ಚೆನ್ನಾಗಿ ಬಾಳುತ್ತವೆ.

ಕರಾವಳಿಯ ಊರಿಗೆ ಹೋಗುವಾಗ

ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ಉಡುಪಿ ದಾಟಿ ಮಂಗಳೂರು ಮುಟ್ಟುತ್ತದೆ. ಅದು ಹಾಯುವ ಕೊಂಕಣ ರೈಲ್ವೆಯ ಉದ್ದ 741 ಕಿಲೋಮೀಟರು. ಸುರಂಗಗಳು ತೊಂಬತ್ತಕ್ಕೂ ಹೆಚ್ಚು, ಅವುಗಳಲ್ಲಿ ಕರ್ಬುಡೆಯದು ಆರೂವರೆ ಕಿಲೋಮೀಟರಿನದು. ಈ ದಾರಿಯಲ್ಲಿ ಮೊಬೈಲ್ ಸಂಪರ್ಕ ಕಡಿಯುತ್ತ ಕೂಡುತ್ತ ಹೋಗುವುದರಿಂದ ಕಡತಗಳೆಲ್ಲ ಯಂತ್ರದೊಳಗೇ ಇರಬೇಕು. ಇಂಟರ್ನೆಟ್ಟನ್ನೇ ನೆಚ್ಚಿದ ಅಗ್ಗದ ಯಂತ್ರಗಳು ಇಲ್ಲಿ ಕೈಕೊಡುತ್ತವೆ. ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ 45 ಅಥವಾ 65 ವಾಟ್ ಕೊಡಬಲ್ಲ ಪವರ್ ಬ್ಯಾಂಕಿನಿಂದಲೂ ನಡೆಯುತ್ತದೆ. ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್ ಸಾಕು. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, 100 ವಾಟ್-ಅವರ್ ಮೀರಬಾರದು. 20,000 ಎಂಎಎಚ್‌ನದು 74 ವಾಟ್-ಅವರ್ ಆಗುವುದರಿಂದ ಆ ಮಿತಿಯೊಳಗೇ ಬರುತ್ತದೆ.