ಹಾಡಹಗಲಲ್ಲಿ ಹಚ್ಚಿದ ಪಾಸ್ಖ ದೀಪ



ಪವಿತ್ರ ಶನಿವಾರದ ರಾತ್ರಿ ಕತ್ತಲು ತುಂಬಿದ ದೇವಾಲಯಕ್ಕೆ ಪಾಸ್ಖ ಮೇಣದಬತ್ತಿ ಬರುವಾಗ ನಾವೆಲ್ಲರೂ ಮೌನವಾಗುತ್ತೇವೆ. ಆದರೆ ನಮ್ಮ ಅಜ್ಜ ಅಜ್ಜಿಯರ ಬಾಲ್ಯದಲ್ಲಿ ಈ ದೀಪ ಬೆಳಗುತ್ತಿದ್ದುದು ಮುಂಜಾನೆಯ ಬಿಸಿಲಿನಲ್ಲಿ!

ಆದಿ ಕ್ರೈಸ್ತರು ಈ ರಾತ್ರಿಯಿಡೀ ಎಚ್ಚರವಾಗಿದ್ದು ಪ್ರಾರ್ಥಿಸುತ್ತಿದ್ದರು. ಸಂತ ಅಗಸ್ಟೀನರು ಇದನ್ನು ಎಲ್ಲ ಜಾಗರಣೆಗಳ ತಾಯಿ ಎಂದರು. ಕಾಲಕ್ರಮೇಣ ಆಚರಣೆ ಮಧ್ಯಾಹ್ನಕ್ಕೆ, ಆಮೇಲೆ ಬೆಳಗ್ಗೆಗೆ ಸರಿಯಿತು. 1566ರಲ್ಲಿ ಪೋಪ್ ಐದನೇ ಪಯಸ್‌ರವರು ಮಧ್ಯಾಹ್ನದ ನಂತರದ ಬಲಿಪೂಜೆಯನ್ನು ನಿಷೇಧಿಸಿದರು. 1642ರಲ್ಲಿ ಪವಿತ್ರ ಶನಿವಾರವು ಕಡ್ಡಾಯ ಹಬ್ಬಗಳ ಪಟ್ಟಿಯಿಂದ ಹೊರಬಿತ್ತು. ಜನರು ದುಡಿಮೆಗೆ ಹೋದರು. ರಾತ್ರಿಯನ್ನು ಕೊಂಡಾಡುವ ಪಾಸ್ಖ ಘೋಷಣೆಯನ್ನು ಗುರುಗಳು ಹಗಲಿನಲ್ಲಿ, ಬಹುತೇಕ ಬರಿದಾದ ದೇವಾಲಯದಲ್ಲಿ ಹಾಡಿದರು.

1951ರಲ್ಲಿ ಪೋಪ್ ಹನ್ನೆರಡನೇ ಪಯಸ್‌ರವರು ಜಾಗರಣೆಯನ್ನು ಪ್ರಾಯೋಗಿಕವಾಗಿ ರಾತ್ರಿಗೆ ಮರಳಿಸಿದರು. 1956ರಿಂದ ಅದು ರೋಮನ್ ವಿಧಿಯ ನಿಯಮವಾಯಿತು. ಜನರೂ ಮೇಣದಬತ್ತಿ ಹಿಡಿದು ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುವಂತಾಯಿತು.

ಕತ್ತಲಾದ ಮೇಲೆಯೇ ಜಾಗರಣೆ ಆರಂಭವಾಗಬೇಕೆಂಬುದು ಇಂದಿಗೂ ನಿಯಮ. ಆದರೂ "ಬೇಗ ಮುಗಿಸಿ ಫಾದರ್" ಎನ್ನುತ್ತೇವೆ. ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ಮೂರಕ್ಕಿಳಿಸುವ ವಿನಾಯಿತಿ ರೂಢಿಯಾಗಿಬಿಟ್ಟಿದೆ. ಇದರಲ್ಲಿ ಗುರುಗಳಾದ ನಮ್ಮ ಪಾಲೂ ಇದೆ.

ಅನುಕೂಲಕ್ಕಾಗಿ ಕಳೆದುಕೊಂಡ ರಾತ್ರಿಯನ್ನು ಮರಳಿ ಪಡೆಯಲು ಧರ್ಮಸಭೆಗೆ ಶತಮಾನಗಳೇ ಬೇಕಾದವು. ಅದನ್ನು ಮತ್ತೆ ಕಳೆದುಕೊಳ್ಳದಿರೋಣ. ಈ ಬಾರಿ ಮಕ್ಕಳನ್ನೂ ಕರೆತನ್ನಿ. ಕತ್ತಲನ್ನು ಕಂಡ ಕಣ್ಣಿಗೇ ಪುನರುತ್ಥಾನದ ಬೆಳಕಿನ ಬೆಲೆ ತಿಳಿಯುವುದು.