ಫಿಟ್ ಯಾರು, ಅನ್‌ಫಿಟ್ ಯಾರು: ತೀರ್ಮಾನ ಯಾರ ಕೈಲಿ?



ಜವಾನನ ಕೆಲಸಕ್ಕೂ ಮೆಡಿಕಲ್ ಸರ್ಟಿಫಿಕೇಟ್ ಕೇಳ್ತಾರೆ, ದೇಶ ಆಳೋಕೆ ಬರೋರಿಗೆ ಯಾಕೆ ಬೇಡ? ನಾಮಪತ್ರದ ಜೊತೆ ಸ್ವತಂತ್ರ ವೈದ್ಯರ ಫಿಟ್‌ನೆಸ್ ವರದಿ ಕಡ್ಡಾಯ ಮಾಡಿ ಅನ್ನೋ ಮಾತು ಆಗಾಗ ಕೇಳಿಬರುತ್ತೆ. ನಮ್ಮ ಹುಡುಗರಲ್ಲೂ ಕೆಲವರು "ಹೌದಲ್ವಾ ಅಣ್ಣಾ" ಅಂತಾರೆ. ನಾನು ಗುಮಾಸ್ತ, ಅಂಥ ಸರ್ಟಿಫಿಕೇಟುಗಳನ್ನು ಫೈಲಿಗೆ ಸೇರಿಸೋನೇ. ಆದ್ರೆ ನೌಕರನನ್ನು ಇಲಾಖೆ ಆರಿಸುತ್ತೆ, ಪ್ರತಿನಿಧಿಯನ್ನು ಜನ ಆರಿಸ್ತಾರೆ. ಎರಡೂ ಒಂದೇ ಅಲ್ಲ.

ಅವರ ವಾದದಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ. 1944ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಹೃದಯ ದುರ್ಬಲವಾಗಿದೆ, ರಕ್ತದೊತ್ತಡ ವಿಪರೀತ ಅಂತ ವೈದ್ಯರಿಗೆ ಗೊತ್ತಾಯ್ತು. ಜನರಿಗೆ ತಿಳಿಸಲಿಲ್ಲ. ನವೆಂಬರಿನಲ್ಲಿ ನಾಲ್ಕನೇ ಸಲ ಗೆದ್ದರು, 1945ರ ಏಪ್ರಿಲಿನಲ್ಲಿ ತೀರಿಕೊಂಡರು. ಫ್ರಾನ್ಸಿನ ಮಿತ್ತರಾಂ ತಮ್ಮ ಆರೋಗ್ಯದ ವರದಿಯನ್ನು ನಿಯಮಿತವಾಗಿ ಪ್ರಕಟಿಸ್ತೀನಿ ಅಂತ ಮಾತು ಕೊಟ್ಟು 1981ರಲ್ಲಿ ಅಧ್ಯಕ್ಷರಾದರು. ಅದೇ ವರ್ಷ ಕ್ಯಾನ್ಸರ್ ಪತ್ತೆಯಾಯ್ತು. ಆದರೂ ವರ್ಷಗಟ್ಟಲೆ ಎಲ್ಲ ಸರಿಯಿದೆ ಅಂತಲೇ ವರದಿ ಬರ್ತಿತ್ತು. ಜನರಿಗೆ ಗೊತ್ತಾಗಿದ್ದು 1992ರಲ್ಲಿ. ಒಂದು ಗಮನಿಸಿ: ಆ ಸುಳ್ಳು ವರದಿಗಳಿಗೆ ಸಹಿ ಹಾಕಿದ್ದೂ ಒಬ್ಬ ವೈದ್ಯರೇ. ಅಧಿಕಾರ ಇರೋನಿಗೆ ವೈದ್ಯನ ಸಹಿ ಸಿಗೋದು ಕಷ್ಟ ಅಲ್ಲ.

ಅಧಿಕಾರ ಇಲ್ಲದವನ ಕಥೆ ನೋಡಿ. ಒರಿಸ್ಸಾದ 1950ರ ಪುರಸಭೆ ಕಾಯ್ದೆ ಪ್ರಕಾರ ಕುಷ್ಠ ಅಥವಾ ಕ್ಷಯ ಇದ್ದವರು ಸದಸ್ಯರಾಗೋ ಹಾಗಿರಲಿಲ್ಲ. ಜನರಿಂದ ಗೆದ್ದು ಬಂದಿದ್ದ ಒಬ್ಬರು ಕುಷ್ಠದ ಕಾರಣಕ್ಕೇ ಸ್ಥಾನ ಕಳಕೊಂಡರು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಇಂಥ ಕಾನೂನು ಇನ್ನೂ ಬೇಕಾ ಅಂತ ಶಾಸನಸಭೆ ಯೋಚಿಸಲಿ ಅಂತಲೂ ಹೇಳಿತು. ಬಹುಔಷಧ ಚಿಕಿತ್ಸೆಯಿಂದ ಕುಷ್ಠ ವಾಸಿಯಾಗುತ್ತೆ ಅಂತ ಜಗತ್ತಿಗೇ ಗೊತ್ತಿದ್ದ ಕಾಲ ಅದು. ಕ್ಷಯ, ಕುಷ್ಠ ಹೆಚ್ಚಾಗಿ ಯಾರ ಕೇರಿಯ ರೋಗಗಳು? ಇಕ್ಕಟ್ಟಿನ ಮನೆ, ಅರೆಹೊಟ್ಟೆ, ಮಲಗುಂಡಿ ಕೆಲಸ ಯಾರ ಪಾಲಿಗೆ ಬಂತು? ಮುಟ್ಟಬೇಡ, ಹತ್ತಿರ ಬರಬೇಡ ಅನ್ನೋ ಮಾತು ನಮಗೆ ಹೊಸದಲ್ಲ.

ಈಗ ಬಾಬಾಸಾಹೇಬರ ವಿಷಯ. ಸಂವಿಧಾನದ ಕರಡು ಬರೆಯೋ ದಿನಗಳಲ್ಲಿ ಅವರಿಗೆ ಸಕ್ಕರೆ ಕಾಯಿಲೆ, ಕಾಲಿನ ನರನೋವು. ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟಿದ್ದರು, ಒಬ್ಬರು ತೀರಿಕೊಂಡಿದ್ದರು, ಒಬ್ಬರು ಅಮೆರಿಕದಲ್ಲಿದ್ದರು, ಕೊನೆಗೆ ಭಾರವೆಲ್ಲ ಅಂಬೇಡ್ಕರ್ ಮೇಲೆ ಬಿತ್ತು ಅಂತ 1948ರ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ. ಅಂದು ಫಿಟ್‌ನೆಸ್ ವರದಿ ಕೇಳಿದ್ದರೆ ಬಾಬಾಸಾಹೇಬರು ಪಾಸಾಗ್ತಿದ್ದರಾ? 1951ರಲ್ಲಿ ಅವರು ನೆಹರೂಗೆ ಬರೆದ ಪತ್ರದಲ್ಲೂ ತಮ್ಮ ಅನಾರೋಗ್ಯ ಹೇಳಿಕೊಂಡಿದ್ದರು. ಯಾಕೆ? ಬಿಡುವು ಕೇಳೋಕಲ್ಲ, ಹಿಂದೂ ಕೋಡ್ ಬಿಲ್ ಬೇಗ ಮುಗಿಸೋಣ ಅಂತ.

ಅದಕ್ಕೇ ಇರಬೇಕು, ನಮ್ಮ ಸಂವಿಧಾನ ಈ ವಿಷಯದಲ್ಲಿ ಹುಷಾರಾಗಿದೆ. 102 ಮತ್ತು 191ನೇ ವಿಧಿಗಳ ಪ್ರಕಾರ ಆರೋಗ್ಯದ ಕಾರಣಕ್ಕೆ ಅನರ್ಹತೆ ಒಂದೇ: ಬುದ್ಧಿ ಸ್ವಸ್ಥವಿಲ್ಲ ಅನ್ನೋದು. ಅದನ್ನೂ ಹೇಳಬೇಕಾದ್ದು ನ್ಯಾಯಾಲಯ. ಅಮೆರಿಕದಲ್ಲೂ 1967ರಲ್ಲಿ ಜಾರಿಗೆ ಬಂದ 25ನೇ ತಿದ್ದುಪಡಿ ಅಧ್ಯಕ್ಷ ಅಸಮರ್ಥ ಅಂತ ಹೇಳೋ ಅಧಿಕಾರವನ್ನು ಉಪಾಧ್ಯಕ್ಷ, ಸಂಪುಟ, ಸಂಸತ್ತಿಗೆ ಕೊಟ್ಟಿದೆ, ಡಾಕ್ಟರಿಗಲ್ಲ.

ನನ್ನ ನಿಲುವು ಇಷ್ಟು. ಅಧಿಕಾರದಲ್ಲಿ ಕೂತವರು ಕಾಯಿಲೆ ಮುಚ್ಚಿಟ್ಟರೆ ಪ್ರಶ್ನೆ ಮಾಡೋಣ. ಉನ್ನತ ಹುದ್ದೆಯವರು ಆಸ್ಪತ್ರೆ ಸೇರಿದರೆ ನಿಜ ಹೇಳಲಿ ಅಂತ ಒತ್ತಾಯಿಸೋಣ. ಆದ್ರೆ ನಾಮಪತ್ರದ ಬಾಗಿಲಲ್ಲಿ ಸ್ಟೆತಸ್ಕೋಪ್ ಹಿಡಿದ ಕಾವಲುಗಾರ ಬೇಡ. ಆ ಬಾಗಿಲಲ್ಲಿ ಮೊದಲು ತಡೆಯೋದು ಯಾರನ್ನ ಅಂತ ನಮಗೆ ಗೊತ್ತು. ಕಾಯಿಲೆ ಇರೋ ಅಭ್ಯರ್ಥಿ ಬೇಕೋ ಬೇಡವೋ ಅನ್ನೋದನ್ನ ಮತದಾರ ಹೇಳಲಿ. ಆ ಒಂದು ಓಟಿನ ಅಧಿಕಾರ ನಮಗೆ ಸುಮ್ಮನೆ ಬಂದಿದ್ದಲ್ಲ.

ಒಪ್ಪದವರು ಕಾಮೆಂಟಿನಲ್ಲಿ ಬರೀರಿ, ಮಾತಾಡೋಣ. ಜೈ ಭೀಮ್.