ಮನೆಯ ಧ್ವನಿವರ್ಧಕ ನಡೆದು ಬಂದ ದಾರಿ

'ಧ್ವನಿವರ್ಧಕ' ಎಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ಬೇರೆ ಯಂತ್ರಗಳನ್ನು ಕರೆಯುತ್ತೇವೆ. ಜಾತ್ರೆಯಲ್ಲಿ ಮರದ ಕೊಂಬೆಗೆ ಕಟ್ಟಿದ ತುತ್ತೂರಿಯೂ ಧ್ವನಿವರ್ಧಕವೇ. ಮೈಕ್ ಸೆಟ್ಟಿನವನು ಮೇಜಿನ ಮೇಲಿಟ್ಟುಕೊಂಡು ತಿರುಪು ತಿರುಗಿಸುವ ಪೆಟ್ಟಿಗೆಯೂ ಧ್ವನಿವರ್ಧಕವೇ. ವಿಚಾರಮಾಡಿ ನೋಡಿದರೆ, ಮೈಕಿನಿಂದ ಬಂದ ಕ್ಷೀಣವಾದ ವಿದ್ಯುತ್ತಿಗೆ ಬಲ ತುಂಬುವುದು ಮೇಜಿನ ಮೇಲಿನ ಪೆಟ್ಟಿಗೆ, ಅಂದರೆ ಆಂಪ್ಲಿಫೈಯರ್. ಮರದ ಮೇಲಿನ ತುತ್ತೂರಿ, ಅಂದರೆ ಸ್ಪೀಕರ್, ತಂತಿಯಲ್ಲಿ ಬಂದ ವಿದ್ಯುತ್ತನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುತ್ತದೆ. ತನ್ನ ಕಡೆಯಿಂದ ಶಕ್ತಿಯನ್ನೇನೂ ಸೇರಿಸುವುದಿಲ್ಲ.

ಈ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕೆ, ಬೇರೆ ಬೇರೆ ಇರಬೇಕೆ? ಇಂದು ಮನೆಗೆ ಸ್ಪೀಕರ್ ಕೊಳ್ಳಲು ಹೋದರೆ ನಿಮ್ಮ ಮುಂದೆ ಬರುವ ಪ್ರಶ್ನೆ ಇದೇ. ಒಳಗೇ ಆಂಪ್ಲಿಫೈಯರ್ ಇರುವುದನ್ನು ಅಂಗಡಿಯವರು 'ಆಕ್ಟಿವ್' ಎನ್ನುತ್ತಾರೆ. ಇಲ್ಲದುದನ್ನು 'ಪ್ಯಾಸಿವ್' ಎನ್ನುತ್ತಾರೆ. ಮೊದಲನೆಯದು ಹೊಸ ಕಾಲದ್ದು, ಎರಡನೆಯದು ಹಳೆಯ ಕಾಲದ್ದು ಎಂಬ ಭಾವನೆಯೂ ಜನರಲ್ಲಿದೆ. ಆದರೆ ಚರಿತ್ರೆ ಬೇರೆಯೇ ಮಾತನ್ನು ಹೇಳುತ್ತದೆ.

ರೇಡಿಯೋ ಮನೆಗಳಿಗೆ ಬಂದ ಹೊಸದರಲ್ಲಿ ಅದನ್ನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳಬೇಕಾಗಿತ್ತು. ಮನೆಮಂದಿಯೆಲ್ಲ ಕೇಳಬೇಕೆಂದಾಗ ಹೆಡ್‌ಫೋನನ್ನು ಬೋಗುಣಿಯೊಳಗಿಟ್ಟು ಸುತ್ತಲೂ ಕುಳಿತುಕೊಳ್ಳುತ್ತಿದ್ದುದೂ ಉಂಟು. ಬಯಲಿನ ಸಭೆಗಳಿಗೆ ಅಷ್ಟು ಹೊತ್ತಿಗೆ ತುತ್ತೂರಿ ಸ್ಪೀಕರುಗಳು ಸಿದ್ಧವಾಗಿದ್ದವು. ಕ್ಯಾಲಿಫೋರ್ನಿಯದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು ರಚಿಸಿದ 'ಮ್ಯಾಗ್ನವಾಕ್ಸ್' ಸಾಧನದ ಮೂಲಕ 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ನರು ಸ್ಯಾನ್ ಡಿಯಾಗೊ ನಗರದಲ್ಲಿ ಭಾರಿ ಜನಸ್ತೋಮಕ್ಕೆ ಭಾಷಣ ಮಾಡಿದರು. ಬಯಲಿಗೆ ಅದು ಸಾಕು. ಮನೆಯಲ್ಲಿ ಕುಳಿತು ಕೇಳುವವನಿಗೆ ತುತ್ತೂರಿಯಿಂದ ಬರುವ ಹಾಡು ಮೂಗಿನಿಂದ ಹಾಡಿದಂತೆ ಕೇಳಿಸುತ್ತಿತ್ತು.

ಈ ಕೊರತೆಯನ್ನು ನೀಗಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ತುತ್ತೂರಿಯೇ ಇಲ್ಲದ, ಕಾಗದದ ಶಂಕುವೊಂದು ಆಯಸ್ಕಾಂತದ ನಡುವಣ ತಂತಿಸುರುಳಿಯ ಬಲದಿಂದ ಹಿಂದೆ ಮುಂದೆ ಆಡುವ ಸ್ಪೀಕರನ್ನು ಅವರು 1925ರಲ್ಲಿ ವಿದ್ವಾಂಸರ ಮುಂದಿಟ್ಟರು. ಇಂದಿಗೂ ನಮ್ಮ ಮನೆಯ ಬಹುಪಾಲು ಸ್ಪೀಕರುಗಳು ಇದೇ ವಂಶದವು. ಅದು 1926ರಲ್ಲಿ 'ರೇಡಿಯೋಲಾ 104' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಅಂದಿನ ರೇಡಿಯೋಗಳು ಹೆಚ್ಚಾಗಿ ಬ್ಯಾಟರಿಯಿಂದ ನಡೆಯುತ್ತಿದ್ದುದರಿಂದ ಅವುಗಳ ಅಲ್ಪಶಕ್ತಿಗೆ ಈ ಹೊಸ ಸ್ಪೀಕರ್ ಚೆನ್ನಾಗಿ ಮಣಿಯುವಂತಿರಲಿಲ್ಲ. ಆದುದರಿಂದ ಸ್ಪೀಕರಿನ ಪೆಟ್ಟಿಗೆಯಲ್ಲೇ ಸುಮಾರು 1 ವ್ಯಾಟಿನ ವಾಲ್ವು ಆಂಪ್ಲಿಫೈಯರನ್ನು ಕೂಡಿಸಿ, ಅದಕ್ಕೆ ಮನೆಯ ದೀಪದ ವಿದ್ಯುತ್ತನ್ನೇ ಒದಗಿಸಿದರು. ಎಂದರೆ, ಈ ವಂಶದ ಸ್ಪೀಕರ್ ಮೊದಲು ಮನೆಯ ಹೊಸ್ತಿಲು ದಾಟಿದುದೇ ಆಂಪ್ಲಿಫೈಯರನ್ನು ಹೊಟ್ಟೆಯಲ್ಲಿಟ್ಟುಕೊಂಡು!

ಮುಂದೆ ರೇಡಿಯೋ, ಆಂಪ್ಲಿಫೈಯರ್, ಸ್ಪೀಕರ್ ಮೂರೂ ಒಂದೇ ಮರದ ಪೆಟ್ಟಿಗೆಯಲ್ಲಿ ಕೂಡಿಕೊಂಡವು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಕಾಲಕ್ಕೆ ಪ್ರಪಂಚದ ಮನೆಗಳಲ್ಲೆಲ್ಲ ಈ ಕೂಡುಪೆಟ್ಟಿಗೆಯದೇ ರಾಜ್ಯ. ನಿಮ್ಮ ಅಜ್ಜನ ಮನೆಯ ಗೋಡೆಹಲಗೆಯ ಮೇಲೆ ಕುಳಿತಿದ್ದುದೂ ಇಂಥದೇ.

ಹಾಗಾದರೆ ಇವು ಬೇರೆಯಾದುದು ಯಾವಾಗ? ಎರಡನೆಯ ಮಹಾಯುದ್ಧ ಮುಗಿದ ಮೇಲೆ. 1947ರಲ್ಲಿ ಡಿ. ಟಿ. ಎನ್. ವಿಲಿಯಮ್‌ಸನ್ ಎಂಬವರು ಇಂಗ್ಲೆಂಡಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಉತ್ತಮವಾದ ಆಂಪ್ಲಿಫೈಯರೊಂದರ ರಚನೆಯನ್ನು ಪ್ರಕಟಿಸಿದರು. ಅದನ್ನು ನೋಡಿ ಅನೇಕ ಹವ್ಯಾಸಿಗಳು ಸ್ವಂತ ಕೈಯಿಂದ ಕಟ್ಟಿಕೊಂಡರು. 1948ರಲ್ಲಿ ದೀರ್ಘಕಾಲ ನುಡಿಯುವ ಎಲ್.ಪಿ. ತಟ್ಟೆ ಬಂದಿತು. 1958ರ ಸುಮಾರಿಗೆ ಸ್ಟೀರಿಯೋ ತಟ್ಟೆಗಳೂ ಪೇಟೆಗೆ ಬಂದವು. ಸ್ಟೀರಿಯೋಗೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಬೇಕು, ಅವೆರಡರ ನಡುವೆ ಕೆಲವು ಅಡಿಗಳ ಅಂತರವೂ ಬೇಕು. ಆಂಪ್ಲಿಫೈಯರಾದರೋ ಆಗ ಬಿಸಿಯಾದ, ಭಾರವಾದ ವಾಲ್ವುಗಳ ಯಂತ್ರ. ಅದನ್ನು ಅದುರುವ ಸ್ಪೀಕರಿನ ಪೆಟ್ಟಿಗೆಯಲ್ಲಿ ಎರಡೆರಡು ಕಡೆ ಇಡುವುದಕ್ಕಿಂತ, ಒಂದೇ ಕಡೆ ಇಟ್ಟು ತಂತಿ ಎಳೆಯುವುದು ಸುಲಭವಾಯಿತು. ಸ್ಪೀಕರ್ ಒಬ್ಬರದು, ಆಂಪ್ಲಿಫೈಯರ್ ಇನ್ನೊಬ್ಬರದು ಎಂದು ಆರಿಸಿ ಕೊಳ್ಳುವ ಸ್ವಾತಂತ್ರ್ಯವೂ ಗ್ರಾಹಕನಿಗೆ ದೊರೆಯಿತು. ಪ್ಯಾಸಿವ್ ಪದ್ಧತಿ ಮನೆಗಳಲ್ಲಿ ಬೇರೂರಿದುದು ಹೀಗೆ.

ಈ ಪದ್ಧತಿಗೂ ಒಂದು ತೊಡಕುಂಟು. ಮೃದಂಗದ ಎಡಮುಖದ ಗುಂಕಾರವನ್ನೂ ತಾಳದ ಕಿಣಿಕಿಣಿಯನ್ನೂ ಒಂದೇ ಶಂಕು ಸಮನಾಗಿ ನುಡಿಸಲಾರದು. ಆದುದರಿಂದ ಪೆಟ್ಟಿಗೆಯಲ್ಲಿ ಮಂದ್ರಕ್ಕೆ ದೊಡ್ಡದು, ತಾರಕ್ಕೆ ಚಿಕ್ಕದು ಎಂದು ಎರಡು ಅಥವಾ ಮೂರು ಸ್ಪೀಕರುಗಳನ್ನಿಡುತ್ತಾರೆ. ಯಾರಿಗೆ ಯಾವ ಸ್ವರ ಎಂದು ಹಂಚಲು ಒಂದು ಮಂಡಲವೂ ಬೇಕು. ಪ್ಯಾಸಿವ್ ಪೆಟ್ಟಿಗೆಯಲ್ಲಿ ಈ ಹಂಚಿಕೆ ನಡೆಯುವುದು ಆಂಪ್ಲಿಫೈಯರ್ ಬಲ ತುಂಬಿದ ನಂತರ. ತುಂಬಿ ಹರಿಯುವ ಹೊಳೆಯನ್ನು ಅಡ್ಡಗಟ್ಟೆ ಹಾಕಿ ಎರಡು ಕಾಲುವೆಗೆ ತಿರುಗಿಸಿದ ಹಾಗೆ. ದಪ್ಪ ತಂತಿಸುರುಳಿಗಳು ಬೇಕು, ಸ್ವಲ್ಪ ಶಕ್ತಿಯೂ ಪೋಲಾಗುತ್ತದೆ. ಪೂರ್ಣಾರ್ಥದ ಆಕ್ಟಿವ್ ಸ್ಪೀಕರಿನಲ್ಲಿ ಹಂಚಿಕೆ ಮೊದಲೇ ಆಗುತ್ತದೆ: ತೊರೆ ಚಿಕ್ಕದಾಗಿರುವಾಗಲೇ ಅದನ್ನು ಕವಲೊಡೆಸಿ, ಒಂದೊಂದು ಕವಲಿಗೂ ಅದರದೇ ಆದ ಆಂಪ್ಲಿಫೈಯರಿನಿಂದ ಬಲ ಕೊಡುತ್ತಾರೆ. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಎಂಬ ಎಂಜಿನಿಯರರು ಇಂತಹ ಹಂಚಿಕೆಯನ್ನು ಕ್ರಮವಾಗಿ ಮಾಡುವ ಬಗೆಯನ್ನು ಪ್ರಕಟಿಸಿದರು. ಟ್ರಾನ್ಸಿಸ್ಟರಿನಿಂದ ಆಂಪ್ಲಿಫೈಯರುಗಳು ಅಷ್ಟುಹೊತ್ತಿಗೆ ಚಿಕ್ಕವೂ ಅಗ್ಗವೂ ಆಗಿದ್ದವು.

ಮತ್ತೆ ಕೂಡಿಸುವ ಈ ಕೆಲಸಕ್ಕೆ ರೇಡಿಯೋ ನಿಲಯಗಳೂ ಪ್ರೇರಣೆಯಾದವೆಂಬುದು ಸಂತೋಷದ ವಿಷಯ. ಒಂದು ಸ್ಟುಡಿಯೋದಲ್ಲಿ ಕೇಳಿದ ದನಿ ಪಕ್ಕದ ಸ್ಟುಡಿಯೋದಲ್ಲೂ ಹಾಗೆಯೇ ಕೇಳಬೇಕಾದರೆ, ಸ್ಪೀಕರಿಗೂ ಆಂಪ್ಲಿಫೈಯರಿಗೂ ಕಾರ್ಖಾನೆಯಲ್ಲೇ ಹೊಂದಿಕೆ ಆಗಿರಬೇಕು. ಫಿನ್ಲೆಂಡಿನ ರಾಷ್ಟ್ರೀಯ ಬಾನುಲಿ ಸಂಸ್ಥೆಯ ಇಂತಹ ಬೇಡಿಕೆಯಿಂದಲೇ 1978ರಲ್ಲಿ 'ಜೆನೆಲೆಕ್' ಎಂಬ ಕಂಪನಿ ಹುಟ್ಟಿ, ತನ್ನ ಮೊದಲ ಆಕ್ಟಿವ್ ಸ್ಪೀಕರ್ 'ಎಸ್30' ಅನ್ನು ತಯಾರಿಸಿತು. ಬಿಬಿಸಿಯವರಾದರೋ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಅದೇ 1970ರ ದಶಕದಲ್ಲಿ 'ಎಲ್.ಎಸ್.3/5ಎ' ಎಂಬ ಪುಟ್ಟ ಪ್ಯಾಸಿವ್ ಸ್ಪೀಕರನ್ನು ರೂಪಿಸಿದರು. ಅದು ವ್ಯಾನಿನಿಂದಿಳಿದು ಸಾವಿರಾರು ಮನೆಗಳನ್ನು ಸೇರಿತು. ಅಂದು ಕೊಂಡ ಜೋಡಿಗಳು ಇಂದಿನ ಆಂಪ್ಲಿಫೈಯರುಗಳೊಡನೆ ಇನ್ನೂ ಹಾಡುತ್ತಿವೆ.

ನಾವು ಯೋಚಿಸಬೇಕಾದ ಮಾತು ಇಲ್ಲಿದೆ. ಪ್ಯಾಸಿವ್ ಸ್ಪೀಕರಿನ ಆಂಪ್ಲಿಫೈಯರ್ ಕೆಟ್ಟರೆ ಆಂಪ್ಲಿಫೈಯರನ್ನಷ್ಟೇ ಬದಲಿಸಿದರಾಯಿತು. ಆದರೆ ಇಂದು ಫೋನಿನಿಂದ ಹಾಡು ಹಿಡಿದು ನುಡಿಯುವ ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಸಹ ಆಂಪ್ಲಿಫೈಯರನ್ನು ಒಳಗಿಟ್ಟುಕೊಂಡಿರುವ ಜಾತಿಯದೇ. ಒಳಗಿನ ಬ್ಯಾಟರಿ ಸೋತರೆ, ಹಲಗೆಯ ಮೇಲಿನ ಒಂದು ಚಿಪ್ಪು ಸುಟ್ಟರೆ, ಚೆನ್ನಾಗಿರುವ ಶಂಕುವೂ ಸೇರಿ ಇಡೀ ವಸ್ತು ಕಸಕ್ಕೆ ಹೋಗುವುದೇ ಹೆಚ್ಚು.

ಇದು ಕೂಡಿಸಿದುದರ ದೋಷವೆಂದು ತಿಳಿಯಬೇಡಿ. ಅಜ್ಜನ ಮನೆಯ ವಾಲ್ವು ರೇಡಿಯೋದಲ್ಲೂ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿತ್ತಲ್ಲ! ಅದರ ಬೆನ್ನಿನ ಹಲಗೆಯ ತಿರುಪುಗಳನ್ನು ಕಳಚಿ, ಸೋತ ವಾಲ್ವನ್ನು ಕಿತ್ತು, ಹೊಸದನ್ನು ಸಿಕ್ಕಿಸಿದರೆ ಮತ್ತೆ ಹಾಡುತ್ತಿತ್ತು. ರಿಪೇರಿಯವನು ನಮ್ಮ ಬೀದಿಯಲ್ಲೇ ಇದ್ದ. ಬಾಳಿಕೆಯನ್ನು ನಿರ್ಧರಿಸುವುದು ಪೆಟ್ಟಿಗೆ ಒಂದೋ ಎರಡೋ ಎಂಬುದಲ್ಲ, ಅದರ ಮುಚ್ಚಳ ತೆರೆಯುತ್ತದೋ ಇಲ್ಲವೋ ಎಂಬುದು.

ಆದುದರಿಂದ ಕೊಳ್ಳಲು ಹೊರಟ ನೀವು ದನಿಯನ್ನು ನಿಮ್ಮ ಕಿವಿಯಿಂದಲೇ ಪರೀಕ್ಷಿಸಿ. ಜಾಗ ಕಡಿಮೆ, ತಂತಿಗಳ ಗೋಜು ಬೇಡ ಎನ್ನುವವರಿಗೆ ಆಕ್ಟಿವ್ ಅನುಕೂಲ. ಒಂದೊಂದಾಗಿ ಸೇರಿಸುತ್ತ ಹೋಗುವ ಆಸೆಯುಳ್ಳವರಿಗೆ ಪ್ಯಾಸಿವ್ ಅನುಕೂಲ. ಯಾವುದನ್ನೇ ಆರಿಸಿದರೂ ಹಣ ಕೊಡುವ ಮುನ್ನ ಅಂಗಡಿಯವರನ್ನು ಈ ಎರಡು ಪ್ರಶ್ನೆ ಕೇಳಿ: "ಇದನ್ನು ಬಿಚ್ಚಿ ಸರಿಮಾಡುವವರು ಈ ಊರಿನಲ್ಲಿ ಇದ್ದಾರೆಯೆ? ಹತ್ತು ವರ್ಷದ ಮೇಲೆ ಇದರ ಬಿಡಿಭಾಗ ಸಿಗುತ್ತದೆಯೆ?" ಉತ್ತರ ಕೊಡಲು ಅವರು ತಡವರಿಸಿದರೆ, ಮುಂದಿನ ಅಂಗಡಿಯನ್ನೂ ಒಮ್ಮೆ ನೋಡಿ ಬನ್ನಿ.